ರಿಯೋ 2016ರ 4×100 ರಿಲೇ: ಜಪಾನ್ ಬೆಳ್ಳಿ ಅದೃಷ್ಟದಿಂದ ಬಂದದ್ದಲ್ಲ

ಮೂರನೇ ಲೆಗ್

ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತೆ. ರಿಯೋ ಒಲಿಂಪಿಕ್ಸ್‌ನ ಪುರುಷರ ರಿಲೇಯಲ್ಲಿ ಅಮೆರಿಕ ಅನರ್ಹ ಆಯ್ತು, ಅದಕ್ಕೇ ಜಪಾನ್‌ಗೆ ಬೆಳ್ಳಿ ಸಿಕ್ತು ಅಂತ. ಹಾಗಲ್ಲ. ಟೈಮ್ ನೋಡಿ ಸಾಕು. ಜಮೈಕಾ 37.27 ಸೆಕೆಂಡ್, ಜಪಾನ್ 37.60, ಅಮೆರಿಕ 37.62. ಅಂದರೆ ಫೌಲ್ ಲೆಕ್ಕಕ್ಕೆ ಬರುವ ಮೊದಲೇ, ಗುರಿಗೆರೆಯ ಹತ್ತಿರವೇ, ಅಮೆರಿಕ ಜಪಾನ್‌ಗಿಂತ ಹಿಂದೆ ಇತ್ತು. ಅನರ್ಹತೆಯಿಂದ ಲಾಭ ಆದದ್ದು ಕೆನಡಾಗೆ. ಅವರು 37.64ಕ್ಕೆ ನಾಲ್ಕನೆಯವರಾಗಿ ಬಂದು ಕಂಚು ತಗೊಂಡರು.

ಈಗ ಆ ನಾಲ್ವರು ಯಾರು ಅಂತ ನೋಡಿ. ರ್‍ಯೋಟಾ ಯಮಗಾತಾ, ಶೋಟಾ ಈಜುಕಾ, ಯೋಶಿಹಿದೆ ಕಿರ್‍ಯು, ಅಸುಕಾ ಕೇಂಬ್ರಿಜ್. ಆ ದಿನದವರೆಗೆ ಇವರಲ್ಲಿ ಒಬ್ಬರೂ 100 ಮೀಟರನ್ನು ಹತ್ತು ಸೆಕೆಂಡಿನೊಳಗೆ ಓಡಿರಲಿಲ್ಲ. ಕಿರ್‍ಯು 10.01, ಯಮಗಾತಾ 10.05, ಕೇಂಬ್ರಿಜ್ 10.10. ಈಜುಕಾ ಅಂತೂ ಮುಖ್ಯವಾಗಿ 200 ಮೀಟರ್ ಓಟಗಾರ. ಪಕ್ಕದಲ್ಲಿ ಅಮೆರಿಕದ ಸಾಲು: ಮೈಕ್ ರಾಜರ್ಸ್ 9.85, ಜಸ್ಟಿನ್ ಗ್ಯಾಟ್ಲಿನ್ 9.74, ಟೈಸನ್ ಗೇ 9.69, ಟ್ರೇವಾನ್ ಬ್ರೋಮೆಲ್ 9.84. ಕೂಡಿಸಿದರೆ 39.12. ಜಪಾನ್ ನಾಲ್ವರದ್ದು ಕೂಡಿಸಿದರೆ 40 ದಾಟುತ್ತೆ. ಕಾಗದದ ಮೇಲೆ ಒಂದು ಸೆಕೆಂಡಿಗೂ ಜಾಸ್ತಿ ಹಿಂದೆ ಇದ್ದವರು ಟ್ರ್ಯಾಕ್ ಮೇಲೆ 0.02 ಮುಂದೆ ಬಂದರು. ಆ ಒಂದು ಸೆಕೆಂಡ್ ಎಲ್ಲಿಂದ ಬಂತು? ಮೂರು ಬ್ಯಾಟನ್ (ಓಟಗಾರರು ಕೈಯಿಂದ ಕೈಗೆ ದಾಟಿಸುವ ಕೋಲು) ಬದಲಾವಣೆಯಿಂದ ಬಂತು. ಬೇರೆ ಎಲ್ಲಿಂದಲೂ ಬರೋಕೆ ಸಾಧ್ಯವೇ ಇಲ್ಲ.

ನನ್ನ ವಾದ ಇಷ್ಟೇ. 4×100 ಅನ್ನೋದು ನಾಲ್ಕು 100 ಮೀಟರ್ ಓಟಗಳ ಮೊತ್ತ ಅಲ್ಲ, ಅದೇ ಒಂದು ಬೇರೆ ಸ್ಪರ್ಧೆ. ಅದನ್ನು ಹಾಗೆ ನೋಡಿ ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದ ತಂಡಕ್ಕೆ ಅದು ಒಲಿಯುತ್ತೆ.

ಸ್ಟಾಪ್‌ವಾಚ್

ವಾದ ಚೆನ್ನಾಗಿದೆ, ಆದರೆ ಲೆಕ್ಕ ಸ್ವಲ್ಪ ಎಳೆದ ಹಾಗಿದೆ. ಟೈಸನ್ ಗೇ 9.69 ಓಡಿದ್ದು 2009ರಲ್ಲಿ. ರಿಯೋ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಗ್ಯಾಟ್ಲಿನ್‌ನ 9.74 ಹಿಂದಿನ ವರ್ಷದ್ದು, ರಿಯೋ ಫೈನಲ್‌ನಲ್ಲಿ ಓಡಿದ್ದು 9.89. ಬ್ರೋಮೆಲ್ ಅದೇ ಫೈನಲ್‌ನಲ್ಲಿ ಕೊನೆಯವನಾಗಿ 10.06ಕ್ಕೆ ಮುಗಿಸಿದ. ಜೀವಮಾನದ ಅತ್ಯುತ್ತಮ ಟೈಮ್‌ಗಳನ್ನು ಕೂಡಿಸಿ, ಅವತ್ತಿನ ಜಪಾನ್ ಹುಡುಗರ ಜೊತೆ ಹೋಲಿಸಿದರೆ ಅಂತರ ದೊಡ್ಡದಾಗಿಯೇ ಕಾಣುತ್ತೆ. ಜಪಾನ್‌ನವರೆಲ್ಲ ಆಗ ಫಾರ್ಮ್‌ನಲ್ಲಿದ್ದರು.

ಇನ್ನೊಂದು ವಿಷಯ. ರಿಲೇಯಲ್ಲಿ ಮೊದಲನೆಯವನು ಮಾತ್ರ ಬ್ಲಾಕ್ಸ್‌ನಿಂದ ಏಳುತ್ತಾನೆ. ಉಳಿದ ಮೂವರು ಓಡುತ್ತಲೇ ಬ್ಯಾಟನ್ ತಗೋತಾರೆ, ನಿಂತಲ್ಲಿಂದ ವೇಗ ಹಿಡಿಯುವ ಸಮಯ ಅವರಿಗೆ ಉಳಿಯುತ್ತೆ. ಹಾಗಾಗಿ ಮೊತ್ತಕ್ಕಿಂತ ಎರಡು ಸೆಕೆಂಡ್ ಕಡಿಮೆ ಬರೋದು ಯಾವ ಒಳ್ಳೆ ತಂಡಕ್ಕೂ ಮಾಮೂಲು.

ಮೂರನೇ ಲೆಗ್

ಸರಿ, ಹಳೇ ಟೈಮ್ ಎಲ್ಲ ಬಿಡಿ ಸಾರ್. ರಿಯೋದಲ್ಲಿ ಓಡಿದ್ದನ್ನೇ ತಗೊಳ್ಳಿ. 100 ಮೀಟರ್ ಫೈನಲ್‌ನಲ್ಲಿ ಜಮೈಕಾದವರು ಇದ್ದರು, ಅಮೆರಿಕದವರು ಇದ್ದರು, ಕೆನಡಾದ ಡಿ ಗ್ರಾಸ್ 9.91 ಓಡಿ ಕಂಚು ಗೆದ್ದ. ಜಪಾನ್‌ನವರು ಒಬ್ಬರೂ ಫೈನಲ್‌ಗೆ ಬರಲಿಲ್ಲ. ರಿಲೇಯಲ್ಲಿ ಅದೇ ಜಪಾನ್, ಆ ಮೂರರಲ್ಲಿ ಎರಡು ದೇಶಗಳಿಗಿಂತ ಮುಂದೆ.

ಮತ್ತೆ ನೀವೇ ಹೇಳಿದಿರಲ್ಲ, ಮೊತ್ತಕ್ಕಿಂತ ಎರಡು ಸೆಕೆಂಡ್ ಕಡಿಮೆ ಬರೋದು ಮಾಮೂಲು ಅಂತ. ಜಪಾನ್‌ಗೆ ಎರಡೂವರೆಗಿಂತ ಜಾಸ್ತಿ ಸಿಕ್ಕಿದೆ. ಅಮೆರಿಕಕ್ಕೆ ಒಂದೂವರೆ. ಗೇ ವಯಸ್ಸಿಗೆ ಎಷ್ಟು ಬೇಕೋ ಅಷ್ಟು ರಿಯಾಯಿತಿ ಕೊಡಿ, ಆಗಲೂ ಅಂತರ ಉಳಿಯುತ್ತೆ.

ಹಳೇ ಸ್ಪೈಕ್ಸ್

ಕಾಲೇಜು ತಂಡದಲ್ಲಿ ಎರಡನೇ ಲೆಗ್ (ಎರಡನೆಯವನ ಪಾಲಿನ ಓಟ) ಓಡಿದವನು ನಾನು, ಈಗ ಮಕ್ಕಳಿಗೆ ಬ್ಯಾಟನ್ ಪಾಸ್ ಹೇಳಿಕೊಡುತ್ತೇನೆ. ಈ ಒಂದು ಸೆಕೆಂಡ್ ಎಲ್ಲಿ ಹುಟ್ಟುತ್ತೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಟಿವಿಯಲ್ಲಿ ಎಲ್ಲರೂ ಕೈಯನ್ನೇ ನೋಡುತ್ತಾರೆ. ಆದರೆ ಪಾಸ್‌ನ ಹಣೆಬರಹ ಕೈ ಚಾಚುವ ಮೊದಲೇ ತೀರ್ಮಾನ ಆಗಿರುತ್ತೆ. ಬ್ಯಾಟನ್ ತಗೊಳ್ಳುವವನು ತಾನು ನಿಲ್ಲುವ ಜಾಗದಿಂದ ಹಿಂದಕ್ಕೆ ತನ್ನದೇ ಪಾದದ ಅಳತೆಯಲ್ಲಿ, ಹಿಮ್ಮಡಿಗೆ ಬೆರಳು ತಾಗಿಸಿ ತಾಗಿಸಿ, ಇಷ್ಟು ಪಾದ ಅಂತ ಎಣಿಸಿಕೊಂಡು ಹೋಗಿ ಟ್ರ್ಯಾಕ್ ಮೇಲೆ ಒಂದು ಟೇಪ್ ಅಂಟಿಸುತ್ತಾನೆ. ರೇಸ್‌ನಲ್ಲಿ ಬಗ್ಗಿ ನಿಂತು ಹಿಂದೆ ನೋಡುತ್ತಾ ಇರುತ್ತಾನೆ. ಓಡಿ ಬರುವವನ ಕಾಲು ಆ ಟೇಪ್ ದಾಟಿದ ಕ್ಷಣ ಇವನು ಹೊರಡಬೇಕು. ಹೊರಟ ಮೇಲೆ ತಿರುಗಿ ನೋಡುವ ಹಾಗಿಲ್ಲ. ಪೂರ್ತಿ ದಮ್ಮು ಹಾಕಿ ಓಡಬೇಕು, ಹಿಂದಿನವನು ಬಂದೇ ಬರುತ್ತಾನೆ ಅನ್ನುವ ನಂಬಿಕೆಯಲ್ಲಿ. ಕೂಗು ಕೇಳಿದಾಗ ಕೈ ಹಿಂದಕ್ಕೆ, ಅಷ್ಟೇ.

ಈಗ ಲೆಕ್ಕ ಹಾಕಿ. ಈ ಮಟ್ಟದ ಓಟಗಾರ ಸೆಕೆಂಡಿಗೆ 11 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಬರುತ್ತಿರುತ್ತಾನೆ. ಟೇಪ್ ಒಂದೇ ಒಂದು ಪಾದ ಆಚೀಚೆ ಆದರೆ ಹೊರಡುವ ಕ್ಷಣ ಸುಮಾರು 0.02 ಸೆಕೆಂಡ್ ಬದಲಾಗುತ್ತೆ. ಜಪಾನ್ ಮತ್ತು ಅಮೆರಿಕದ ನಡುವೆ ಇದ್ದದ್ದು ಅಷ್ಟೇ ಅಂತರ ಅಲ್ವಾ? ಟೇಪ್ ಹತ್ತಿರ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ, ಇಬ್ಬರೂ ವೇಗ ಕಳೆದುಕೊಳ್ಳುತ್ತಾರೆ. ದೂರ ಹಾಕಿದರೆ ಮುಂದಿನವನು ಕೈಗೆ ಸಿಗದೆ ಹೋಗುತ್ತಾನೆ. ಸರಿಯಾದ ಪಾದ ಎಷ್ಟು ಅನ್ನೋದು ಆ ಇಬ್ಬರ ಮೇಲೆ ನಿಂತಿದೆ. ಒಬ್ಬನನ್ನು ಬದಲಾಯಿಸಿ, ಎಲ್ಲ ಲೆಕ್ಕ ಹೊಸದಾಗಿ ಶುರು. ಗಾಳಿ ಎದುರಿಗಿದ್ದರೆ ಅದಕ್ಕೂ ಬೇರೆ. ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತು) ಒಂದು ತಂಡ, ಫೈನಲ್‌ಗೆ ಇನ್ನೊಂದು ತಂಡ ಇಳಿಸಿದರೆ ಏನಾಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ. ರಿಯೋದಲ್ಲಿ ಅಮೆರಿಕ ಹೀಟ್ಸ್‌ನಲ್ಲಿ ಎರಡನೇ ಲೆಗ್‌ಗೆ ಕ್ರಿಶ್ಚಿಯನ್ ಕೋಲ್ಮನ್‌ನನ್ನು ಓಡಿಸಿತು, ಫೈನಲ್‌ಗೆ ಗ್ಯಾಟ್ಲಿನ್ ಬಂದ. ಫೌಲ್ ಆದದ್ದು ಎಲ್ಲಿ? ರಾಜರ್ಸ್‌ನಿಂದ ಗ್ಯಾಟ್ಲಿನ್‌ಗೆ ಹೋದ ಆ ಮೊದಲ ಪಾಸ್‌ನಲ್ಲೇ. ಜಪಾನ್ ಎರಡು ಸಲವೂ ಅದೇ ನಾಲ್ವರು, ಅದೇ ಕ್ರಮ. ಹೀಟ್ಸ್‌ನಲ್ಲಿ 37.68 ಓಡಿ ಏಷ್ಯಾ ದಾಖಲೆ ಮಾಡಿದರು, ಫೈನಲ್‌ನಲ್ಲಿ ಅದನ್ನೂ ಮುರಿದರು.

ಗ್ಯಾಲರಿ ಸೀಟು

@ಹಳೇ ಸ್ಪೈಕ್ಸ್ ತುಂಬಾ ಚೆನ್ನಾಗಿ ಹೇಳಿದಿರಿ. ಜಪಾನ್‌ನವರು ಬ್ಯಾಟನ್ ಕೊಡುವ ರೀತಿಯೇ ಬೇರೆ ಅಂತಾರಲ್ಲ, ಅದು ಏನು? ನನ್ನ ಕಣ್ಣಿಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಹಳೇ ಸ್ಪೈಕ್ಸ್

ಮುಂದಿನ ಸಲ ವಿಡಿಯೋ ನಿಧಾನ ಮಾಡಿ ನೋಡಿ, ತಕ್ಷಣ ಗೊತ್ತಾಗುತ್ತೆ. ಬಹುತೇಕ ತಂಡಗಳಲ್ಲಿ ತಗೊಳ್ಳುವವನು ಕೈಯನ್ನು ಭುಜದ ಮಟ್ಟದ ಹತ್ತಿರ ಹಿಂದಕ್ಕೆ ಚಾಚುತ್ತಾನೆ, ಅಂಗೈ ಹಿಂದಿನವನ ಕಡೆ ಇರುತ್ತೆ, ಹಿಂದಿನವನು ಬ್ಯಾಟನ್ ಮುಂದಕ್ಕೆ ಒತ್ತುತ್ತಾನೆ. ಇಬ್ಬರ ಕೈಯೂ ಪೂರ್ತಿ ಚಾಚಿರುವುದರಿಂದ ನಡುವಿನ ದೂರವನ್ನು ಯಾರೂ ಓಡಬೇಕಾಗಿಲ್ಲ, ಬ್ಯಾಟನ್ ಮಾತ್ರ ದಾಟುತ್ತೆ. ಮೂರು ಪಾಸ್ ಸೇರಿದರೆ ಒಳ್ಳೇ ಉಳಿತಾಯ. ತೊಂದರೆ ಏನಂದ್ರೆ, ಕೈ ಅಷ್ಟು ಮೇಲೆತ್ತಿ ಹಿಂದೆ ಹಿಡಿದು ಓಡುವಾಗ ಮೈ ಬಿಗಿಯುತ್ತೆ, ವೇಗ ಏರುವುದು ತಡವಾಗುತ್ತೆ.

ಜಪಾನ್‌ನದ್ದು ಅಂಡರ್‌ಹ್ಯಾಂಡ್. ತಗೊಳ್ಳುವವನ ಕೈ ಸೊಂಟದ ಹತ್ತಿರ ಕೆಳಗೆ, ಅಂಗೈ ನೆಲದ ಕಡೆ. ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವಿನ ಸಂದಿಗೆ ಹಿಂದಿನವನು ಕೆಳಗಿನಿಂದ ಬ್ಯಾಟನ್ ಸೇರಿಸುತ್ತಾನೆ. ಓಡುವಾಗ ತೋಳು ಸಹಜವಾಗಿ ಹಿಂದೆ ಹೋಗುತ್ತಲ್ಲ, ಹೆಚ್ಚುಕಡಿಮೆ ಅದೇ ಚಲನೆ. ಹಾಗಾಗಿ ಓಟ ಕೆಡುವುದಿಲ್ಲ. ನಷ್ಟ ಏನು? ಇಬ್ಬರೂ ಹತ್ತಿರ ಬರಬೇಕು, ಚಾಚಿದ ಕೈಯ ಲಾಭ ಕಡಿಮೆ. ಅದನ್ನೂ ಅವರು ಬಿಡಲಿಲ್ಲ. ರಿಯೋಗೆ ಮುಂಚೆ ಕೈಯನ್ನು ಸೊಂಟದಿಂದ ಇನ್ನಷ್ಟು ಹಿಂದಕ್ಕೆ ಚಾಚುವ ಹಾಗೆ ತಿದ್ದಿಕೊಂಡು, ಕಳೆದುಕೊಳ್ಳುತ್ತಿದ್ದ ದೂರದಲ್ಲಿ ಒಂದಷ್ಟನ್ನು ವಾಪಸ್ ಪಡೆದರು. ನನಗೆ ಇಷ್ಟವಾಗುವುದು ಇದೇ. ತಮ್ಮ ವಿಧಾನದ ದೋಷ ಏನು ಅಂತ ತಿಳಿದಿದ್ದರು, ವಿಧಾನ ಬಿಡದೆ ದೋಷ ಕಡಿಮೆ ಮಾಡಿಕೊಂಡರು.

ಬ್ಯಾಟನ್ ಉದ್ದ 28ರಿಂದ 30 ಸೆಂಟಿಮೀಟರ್ ಮಾತ್ರ ಅನ್ನೋದು ನೆನಪಿರಲಿ. ಕೆಳಗಿನಿಂದ ಕೊಟ್ಟಾಗ ಎರಡು ಕೈ ಹತ್ತಿರ ಹತ್ತಿರ ಹಿಡಿಯುತ್ತವೆ. ಮೂರನೇ ಪಾಸ್ ಹೊತ್ತಿಗೆ ಹಿಡಿಯೋಕೆ ಜಾಗ ಉಳಿಯುತ್ತೋ ಇಲ್ಲವೋ ಅನ್ನುವ ಚಿಂತೆ. ಅದಕ್ಕೂ ಅಭ್ಯಾಸ ಬೇಕು.

ಲೇನ್ ಎಂಟು

ರಿಯೋ ಅಂದರೆ ನನಗೆ ನೆನಪಾಗೋದು ರೇಸ್‌ಗೆ ಮುಂಚೆ ಕ್ಯಾಮೆರಾ ಬಂದಾಗ ನಾಲ್ವರೂ ಒಟ್ಟಿಗೆ ಸೊಂಟದಿಂದ ಕತ್ತಿ ಎಳೆಯುವ ಹಾಗೆ ಮಾಡಿದ್ದು. ಆಮೇಲೆ ಕೊನೇ ಪಾಸ್. ಬೋಲ್ಟ್ ಮತ್ತು ಕೇಂಬ್ರಿಜ್ ಪಕ್ಕ ಪಕ್ಕದ ಲೇನ್‌ನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬ್ಯಾಟನ್ ತಗೊಂಡರು. ಉಸೇನ್ ಬೋಲ್ಟ್ ಪಕ್ಕ ಜಪಾನ್‌ನವನೊಬ್ಬ ಸಮಸಮ ಹೊರಟಿದ್ದಾನೆ! ಮುಂದೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಬೋಲ್ಟ್ ಎಳೆದುಕೊಂಡು ಹೋದ. ಆದರೆ ಆ ಮೊದಲ ಹತ್ತಿಪ್ಪತ್ತು ಮೀಟರ್ ಈಗ ನೋಡಿದರೂ ಮೈ ಜುಂ ಅನ್ನುತ್ತೆ.

ಒಂದು ಪ್ರಶ್ನೆ. ಗ್ಯಾಟ್ಲಿನ್ ಫೌಲ್ ನಿಜವಾಗಿ ಏನು? ಬ್ಯಾಟನ್ ಬೀಳಲಿಲ್ಲ, ಲೇನ್ ತುಳಿಯಲಿಲ್ಲ. ಅಮೆರಿಕದವರು ಧ್ವಜ ಹಿಡಿದು ಸಂಭ್ರಮ ಮಾಡುತ್ತಿದ್ದಾಗ ಬೋರ್ಡ್ ಮೇಲೆ ಅನರ್ಹ ಅಂತ ಬಂತು.

ಸ್ಟಾಪ್‌ವಾಚ್

ಗ್ಯಾಟ್ಲಿನ್ ಝೋನ್ (ಬ್ಯಾಟನ್ ಕೈ ಬದಲಾಗಬೇಕಾದ, ಗುರುತು ಹಾಕಿದ ಜಾಗ) ಶುರುವಾಗುವ ಮೊದಲೇ ಬ್ಯಾಟನ್ ಮುಟ್ಟಿಬಿಟ್ಟ. ನಿಯಮದಲ್ಲಿ ಓಟಗಾರನ ಕಾಲು ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ, ಬ್ಯಾಟನ್ ಎಲ್ಲಿದೆ ಅನ್ನೋದೇ ಮುಖ್ಯ. ತಗೊಳ್ಳುವವನ ಕೈ ಬ್ಯಾಟನ್‌ಗೆ ತಾಗಿದಾಗ ಪಾಸ್ ಶುರು, ಅದು ಅವನ ಕೈಯಲ್ಲಿ ಮಾತ್ರ ಇದ್ದಾಗ ಮುಗಿಯಿತು. ಎರಡೂ ಝೋನ್ ಒಳಗೇ ಆಗಬೇಕು.

ಇಲ್ಲೊಂದು ಸ್ವಾರಸ್ಯ ಇದೆ. ಆಗ ಝೋನ್ 20 ಮೀಟರ್, ಅದರ ಹಿಂದೆ ವೇಗ ಹಿಡಿಯೋಕೆ ಅಂತ ಇನ್ನೊಂದು 10 ಮೀಟರ್. ಆ ಹತ್ತು ಮೀಟರ್‌ನಲ್ಲಿ ಓಡಬಹುದು, ಬ್ಯಾಟನ್ ಮುಟ್ಟುವ ಹಾಗಿಲ್ಲ. ರಿಯೋ ಆದ ಮೇಲೆ ನಿಯಮ ಬದಲಾಯಿತು. 2018ರ ಋತುವಿನಿಂದ ಎರಡೂ ಸೇರಿ ಒಂದೇ 30 ಮೀಟರ್ ಝೋನ್. ಅಂದರೆ ಗ್ಯಾಟ್ಲಿನ್ ಅವತ್ತು ಮುಟ್ಟಿದ ಜಾಗ ಇವತ್ತಿನ ನಿಯಮದಲ್ಲಿ ಝೋನ್ ಒಳಗೇ ಬರುತ್ತೆ.

ಬೆಂಡ್ ರನ್ನರ್

ಹಾಗಿದ್ದರೆ ಅಮೆರಿಕದವರಿಗೆ ಅನ್ಯಾಯ ಆಯಿತು ಅಂತಾನೇ ಹೇಳಬೇಕು.

ಸ್ಟಾಪ್‌ವಾಚ್

ಅನ್ಯಾಯ ಹೇಗೆ? ಅವತ್ತಿನ ನಿಯಮ ಎಂಟೂ ತಂಡಗಳಿಗೆ ಒಂದೇ ಇತ್ತು. ಮತ್ತೆ ಝೋನ್ ಉದ್ದ ಆದ ಮೇಲೆ ಏನಾಯ್ತು ನೋಡಿ. 2024ರ ಪ್ಯಾರಿಸ್ ಫೈನಲ್. ಕೋಲ್ಮನ್‌ನಿಂದ ಕೆನ್ನಿ ಬೆಡ್ನರೆಕ್‌ಗೆ ಮೊದಲ ಪಾಸ್. ಬೆಡ್ನರೆಕ್ ಬೇಗ ಹೊರಟ, ಕೋಲ್ಮನ್‌ಗೆ ಅವನನ್ನು ಹಿಡಿಯೋಕೆ ಆಗಲಿಲ್ಲ, ಬ್ಯಾಟನ್ ಕೈ ಬದಲಾಗುವಷ್ಟರಲ್ಲಿ ಝೋನ್ ಮುಗಿದಿತ್ತು. ಮತ್ತೆ ಅನರ್ಹ. ಹತ್ತು ಮೀಟರ್ ಜಾಸ್ತಿ ಕೊಟ್ಟರೂ ಸಾಲಲಿಲ್ಲ. ಕೋವಿಡ್ ಆಗಿದ್ದ ಅಮೆರಿಕದ ಓಟಗಾರ ನೋಆ ಲೈಲ್ಸ್ ಆ ಓಟಕ್ಕೆ ಇಳಿಯಲೇ ಇಲ್ಲ, ಅವನ ಜಾಗ ತುಂಬೋಕೆ ಕ್ರಮ ಬದಲಾಗಿತ್ತು ಅನ್ನೋದನ್ನೂ ಹೇಳಬೇಕು.

ಅಮೆರಿಕದ ಇಂಥ ಎಡವಟ್ಟುಗಳ ಪಟ್ಟಿ ಉದ್ದ ಇದೆ. 1988ರ ಸಿಯೋಲ್‌ನಲ್ಲಿ ಹೀಟ್ಸ್‌ನಲ್ಲೇ ಝೋನ್ ಆಚೆ ಪಾಸ್. 2008ರ ಬೀಜಿಂಗ್‌ನಲ್ಲಿ ಹೀಟ್ಸ್‌ನಲ್ಲಿ ಬ್ಯಾಟನ್ ಬಿತ್ತು. 2015ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೇ ಮತ್ತು ರಾಜರ್ಸ್ ನಡುವಿನ ಕೊನೇ ಪಾಸ್ ಝೋನ್ ದಾಟಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೇ ಬರಲಿಲ್ಲ. ಪುರುಷರ 4×100ರಲ್ಲಿ ಅಮೆರಿಕ ಒಲಿಂಪಿಕ್ ಚಿನ್ನ ಗೆದ್ದದ್ದು ಕೊನೆಯ ಬಾರಿ 2000ರಲ್ಲಿ, ಸಿಡ್ನಿಯಲ್ಲಿ. 100 ಮೀಟರ್‌ನಲ್ಲಿ ಅಷ್ಟು ಜನ ದಿಗ್ಗಜರಿರುವ ದೇಶ.

ಬೆಂಡ್ ರನ್ನರ್

ಒಂದು ಕಡೆ ಮಾತ್ರ ನೋಡಬೇಡಿ ಮಾರಾಯ್ರೆ. ಅದೇ ಅಮೆರಿಕ 2019ರ ದೋಹಾದಲ್ಲಿ 37.10 ಓಡಿ ವಿಶ್ವ ಚಾಂಪಿಯನ್ ಆಯ್ತು. 2023ರ ಬುಡಾಪೆಸ್ಟ್‌ನಲ್ಲಿ 37.38, ಮತ್ತೆ ಚಿನ್ನ. ಬ್ಯಾಟನ್ ಸುಮಾರಾಗಿ ದಾಟಿದರೂ ಸಾಕು, ಕಾಲಿನ ವೇಗದಲ್ಲೇ ಗೆಲ್ಲುತ್ತಾರೆ.

ನಿಮ್ಮ ಜಪಾನ್ ತಂಡ ಟೋಕಿಯೋದಲ್ಲಿ ಏನು ಮಾಡಿತು? ತಮ್ಮದೇ ನೆಲದಲ್ಲಿ, ಚಿನ್ನ ಗೆದ್ದೇ ಗೆಲ್ಲುತ್ತೇವೆ ಅಂತ ಬಂದು, ಫೈನಲ್‌ನ ಮೊದಲ ಪಾಸ್‌ನಲ್ಲೇ ಕೈ ತಪ್ಪಿತು. ತಾದಾ ಚಾಚುತ್ತಾನೆ, ಯಮಗಾತಾ ಕೈಗೆ ಸಿಗುವುದಿಲ್ಲ, ಝೋನ್ ಮುಗೀತು. ಓಟವನ್ನೇ ಮುಗಿಸಲಿಲ್ಲ. ಅಭ್ಯಾಸ ಅಷ್ಟು ಗಟ್ಟಿ ಇದ್ದರೆ ಅದು ಹೇಗೆ ಆಯ್ತು?

ಮೂರನೇ ಲೆಗ್

ಒಳ್ಳೇ ಪ್ರಶ್ನೆ. ನಾನು ಅದನ್ನು ನೋಡುವುದು ಹೀಗೆ. ಆ ದಿನ ಇಟಲಿ 37.50ಕ್ಕೆ ಗೆದ್ದಿತು, ಎರಡನೆಯವರಾಗಿ ಬಂದ ಬ್ರಿಟನ್ 37.51. ಅಂಥ ಮೈದಾನದಲ್ಲಿ ಚಿನ್ನ ಬೇಕು ಅಂದರೆ ಜಪಾನ್ ಟೇಪನ್ನು ಇರುವಷ್ಟು ದೂರಕ್ಕೆ ತಳ್ಳಲೇಬೇಕಿತ್ತು. ಅವರ ಗಳಿಕೆ ಎಲ್ಲ ಬರುವುದೇ ಪಾಸ್‌ನಿಂದ. ಸುರಕ್ಷಿತವಾಗಿ ಕೊಟ್ಟರೆ ಐದೋ ಆರೋ ಸ್ಥಾನ. ಪೂರ್ತಿ ಅಪಾಯ ತಗೊಂಡರೆ ಪದಕ ಅಥವಾ ಏನೂ ಇಲ್ಲ. ಅವರು ಎರಡನೆಯದನ್ನು ಆರಿಸಿಕೊಂಡರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಯಮಗಾತಾ ಟ್ರ್ಯಾಕ್ ಮೇಲೆ ಹಿಂದೆ ತಿರುಗಿ ನಿಂತ ಆ ದೃಶ್ಯ ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು, ನಿಜ. ಆದರೆ ಅದು ಅಜಾಗರೂಕತೆಯಿಂದ ಆದದ್ದಲ್ಲ. ಅಮೆರಿಕದ ಬಗ್ಗೆ ನನ್ನ ತಕರಾರು ಬೇರೆ. ಅವರಿಗೆ ಅಷ್ಟು ಅಪಾಯ ತಗೊಳ್ಳುವ ಅಗತ್ಯವೇ ಇರುವುದಿಲ್ಲ, ಆದರೂ ಝೋನ್ ದಾಟುತ್ತಾರೆ.

ಹಳೇ ಸ್ಪೈಕ್ಸ್

ಈ ಕೊನೇ ಮಾತಿಗೆ ನನ್ನದೂ ಸಹಿ. ಜಪಾನ್ ಬಿಟ್ಟು ಇನ್ನೊಂದು ಉದಾಹರಣೆ ಬೇಕಾದರೆ ಕೆನಡಾ ನೋಡಿ. ರಿಯೋದಲ್ಲಿ ಕಂಚು ಗೆದ್ದ ತಂಡದ ಏರನ್ ಬ್ರೌನ್, ಬ್ರೆಂಡನ್ ರಾಡ್ನಿ, ಆಂಡ್ರೆ ಡಿ ಗ್ರಾಸ್, ಮೂವರೂ ಎಂಟು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ ಓಡಿದರು. ರಾಡ್ನಿ ಮೂರನೇ ಲೆಗ್, ಡಿ ಗ್ರಾಸ್ ಕೊನೇ ಲೆಗ್, ಎರಡು ಸಲವೂ ಅದೇ. ನಡುವೆ ಸೇರಿದ್ದು ಜೆರೋಮ್ ಬ್ಲೇಕ್. 2022ರಲ್ಲಿ ಇದೇ ನಾಲ್ವರು ಅಮೆರಿಕವನ್ನು ಅದರ ನೆಲದಲ್ಲೇ, ಓರೆಗಾನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 37.48ಕ್ಕೆ ಸೋಲಿಸಿದ್ದರು. ಪ್ಯಾರಿಸ್‌ನಲ್ಲಿ 37.50, ಚಿನ್ನ. ಆ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಕೆನಡಾದವರು ಯಾರೂ ಇರಲಿಲ್ಲ. ರಿಲೇಯಲ್ಲಿ ಎರಡನೆಯವರಾಗಿ ದಕ್ಷಿಣ ಆಫ್ರಿಕಾ 37.57, ಮೂರನೆಯವರಾಗಿ ಬ್ರಿಟನ್ 37.61. ದಕ್ಷಿಣ ಆಫ್ರಿಕಾದ ಆಕಾನಿ ಸಿಂಬೀನೆಗೆ ಕೊನೆಗೂ ಒಂದು ಒಲಿಂಪಿಕ್ ಪದಕ ಸಿಕ್ಕಿತಲ್ಲ, ಅವತ್ತು ಅದೂ ಖುಷಿ ಕೊಟ್ಟಿತು.

ಗ್ಯಾಲರಿ ಸೀಟು

ಭಾರತದ ಬಗ್ಗೆ ಯಾರೂ ಮಾತಾಡಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರ ತಂಡ 38.89 ಓಡಿ ಕಂಚು ಗೆದ್ದಿತ್ತು. ಇಂಗ್ಲೆಂಡ್ 38.74, ಜಮೈಕಾ 38.79. ಜಮೈಕಾ ತಂಡದಲ್ಲಿ ಬೋಲ್ಟ್ ಇರಲಿಲ್ಲ ಅನ್ನೋದು ನಿಜ, ಆದರೂ ಹತ್ತನೇ ಒಂದು ಸೆಕೆಂಡ್ ಹಿಂದೆ! ರಹಮತುಲ್ಲಾ ಮೊಲ್ಲಾ, ಸುರೇಶ್ ಸತ್ಯ, ಶಮೀರ್ ಮೋನ್, ಅಬ್ದುಲ್ ನಜೀಬ್ ಖುರೇಷಿ. ಈ ಹೆಸರುಗಳು ಎಷ್ಟು ಜನಕ್ಕೆ ಗೊತ್ತು?

ಸ್ಟಾಪ್‌ವಾಚ್

ಆ 38.89 ರಾಷ್ಟ್ರೀಯ ದಾಖಲೆಯಾಗಿ 2025ರವರೆಗೆ ನಿಂತಿತ್ತು. ಏಪ್ರಿಲ್‌ನಲ್ಲಿ ಚಂಡೀಗಢದಲ್ಲಿ ಗುರಿಂದರ್‌ವೀರ್ ಸಿಂಗ್, ಅನಿಮೇಶ್ ಕುಜೂರ್, ಮಣಿಕಂಠ ಹೋಬ್ಳಿದಾರ್, ಅಮ್ಲಾನ್ ಬೊರ್ಗೊಹೈನ್ 38.69 ಓಡಿ ಅದನ್ನು ಮುರಿದರು. ಮಣಿಕಂಠ ನಮ್ಮ ಕರ್ನಾಟಕದ ಹುಡುಗ, 2023ರಲ್ಲಿ 100 ಮೀಟರ್‌ನಲ್ಲಿ 10.23ರ ರಾಷ್ಟ್ರೀಯ ದಾಖಲೆ ಮಾಡಿದವನು. 100 ಮೀಟರ್ ದಾಖಲೆ ನಡುವೆ ಕೆಲವು ಸಲ ಮುರಿಯಿತು, ರಿಲೇ ದಾಖಲೆ ಮಾತ್ರ ಹದಿನೈದು ವರ್ಷ ಅಲ್ಲಾಡಲಿಲ್ಲ. ಒಬ್ಬೊಬ್ಬರೇ ವೇಗ ಹೆಚ್ಚಿಸಿಕೊಂಡರೆ ತಂಡದ ಟೈಮ್ ತಾನಾಗಿ ಇಳಿಯುವುದಿಲ್ಲ.

ಮೂರನೇ ಲೆಗ್

ಇದೇ ನಾನು ಹೇಳಬೇಕು ಅಂದುಕೊಂಡದ್ದು. ಈ ನಾಲ್ವರನ್ನೇ ಇಟ್ಟುಕೊಂಡು, ವರ್ಷಕ್ಕೆ ಒಂದೆರಡು ಶಿಬಿರ ಮಾಡಿ ಬಿಡದೆ, ವಿದೇಶದ ರಿಲೇ ಕೂಟಗಳಿಗೆ ಕಳಿಸುತ್ತಾ ಇರಬೇಕು. 38.69 ಇನ್ನೂ ಇಳಿಯುತ್ತೆ, ಯಾರೂ 10 ಸೆಕೆಂಡ್ ಮುರಿಯದೇ ಇದ್ದರೂ ಇಳಿಯುತ್ತೆ. ರಿಯೋ ಜಪಾನ್ ಅದನ್ನು ತೋರಿಸಿದೆ. ಕಿರ್‍ಯು 9.98 ಓಡಿ ಹತ್ತರ ಗಡಿ ದಾಟಿದ ಮೊದಲ ಜಪಾನ್ ಓಟಗಾರ ಆದದ್ದು 2017ರಲ್ಲಿ, ಬೆಳ್ಳಿ ಬಂದ ಮುಂದಿನ ವರ್ಷ.

ಲೇನ್ ಎಂಟು

ಕೊನೇದಾಗಿ ಒಂದು ಕೇಳಬೇಕು. ಹೀಟ್ಸ್‌ನಲ್ಲಿ ಮಾತ್ರ ಓಡಿದವರಿಗೆ ಪದಕ ಸಿಗುತ್ತಾ? ಬೋಲ್ಟ್ ಹತ್ತಿರ ಒಲಿಂಪಿಕ್ ಚಿನ್ನ ಒಂಬತ್ತು ಅಂತ ಕೆಲವರು, ಎಂಟು ಅಂತ ಕೆಲವರು ಹೇಳುತ್ತಾರೆ. ಅದೂ ರಿಲೇಗೆ ಸಂಬಂಧಪಟ್ಟದ್ದೇ ಅಂತ ಕೇಳಿದ್ದೆ.

ಸ್ಟಾಪ್‌ವಾಚ್

ಸಿಗುತ್ತೆ. ರಿಯೋ ಹೀಟ್ಸ್‌ನಲ್ಲಿ ಜಮೈಕಾಗೆ ಓಡಿದ ಜೆವಾನ್ ಮಿಂಜಿ ಮತ್ತು ಕೆಮಾರ್ ಬೇಲಿ ಕೋಲ್ ಫೈನಲ್ ಓಡಲಿಲ್ಲ, ಇಬ್ಬರಿಗೂ ಚಿನ್ನ ಬಂತು.

ಬೋಲ್ಟ್ ಲೆಕ್ಕ ಎಂಟು. 2008ರ ಬೀಜಿಂಗ್‌ನಲ್ಲಿ ಜಮೈಕಾ 37.10 ಓಡಿ ಗೆದ್ದಿತ್ತು. ಮೊದಲ ಲೆಗ್ ಓಡಿದ್ದ ನೆಸ್ಟಾ ಕಾರ್ಟರ್‌ನ ಹಳೇ ಸ್ಯಾಂಪಲ್ ಮತ್ತೆ ಪರೀಕ್ಷೆ ಮಾಡಿದಾಗ ನಿಷೇಧಿತ ವಸ್ತು ಸಿಕ್ಕಿತು. 2017ರ ಜನವರಿಯಲ್ಲಿ ಇಡೀ ತಂಡದ ಚಿನ್ನ ಹೋಯಿತು, ಮುಂದಿನ ವರ್ಷ ಅವನ ಮೇಲ್ಮನವಿಯೂ ಬಿತ್ತು. ರಿಲೇ ನಿಯಮ ಹಾಗೆ. ಒಬ್ಬನ ತಪ್ಪು ನಾಲ್ವರಿಗೂ. ಟೋಕಿಯೋದಲ್ಲಿ 37.51 ಓಡಿದ ಬ್ರಿಟನ್ ಬೆಳ್ಳಿಯೂ ಆ ತಂಡದ ಸಿಜೆ ಉಜಾ ಡೋಪಿಂಗ್‌ನಿಂದ ಹೀಗೇ ಹೋದದ್ದು.

ಬೀಜಿಂಗ್ ಚಿನ್ನ ಟ್ರಿನಿಡಾಡ್‌ಗೆ ಹೋಯಿತು. 38.15 ಓಡಿ ಕಂಚು ಗೆದ್ದಿದ್ದ ಜಪಾನ್‌ಗೆ ಬೆಳ್ಳಿ ಬಂತು. ತ್ಸುಕಹಾರಾ, ಸುಎತ್ಸುಗು, ತಕಹಿರಾ, ಆಸಹಾರಾ. ಕೊನೇ ಲೆಗ್ ಓಡಿದ ಆಸಹಾರಾಗೆ ಆಗ 36 ವರ್ಷ, ಗುರಿ ದಾಟಿದವನೇ ಬ್ಯಾಟನ್ ಆಕಾಶಕ್ಕೆ ಎಸೆದಿದ್ದ. ಅವರದ್ದೂ ಅಂಡರ್‌ಹ್ಯಾಂಡ್ ಪಾಸೇ.